ಗೃಹ ಸೌರವಿದ್ಯುತ್ತು ಮತ್ತು ಪರಿಸರ: ಹಾಸನ ಸೀಮೆ

ವಾಸದ ಮನೆಯ ತಾರಸಿಯ ಮೇಲಾಗಲಿ ಹೆಂಚಿನ ಮಾಡಿನ ಮೇಲಾಗಲಿ ಸ್ಥಾಪಿತವಾದ ಸಿಲಿಕಾನ್ ಫಲಕಗಳ ಮೂಲಕ ಸೂರ್ಯರಶ್ಮಿಯನ್ನು ನೇರವಾಗಿ ವಿದ್ಯುಚ್ಛಕ್ತಿಯನ್ನಾಗಿ ಪರಿವರ್ತಿಸಿ, ಅದನ್ನು ಮನೆಯ ಬಳಕೆಗೆ ವಿನಿಯೋಗಿಸಿಕೊಂಡು, ಮಿಕ್ಕುದನ್ನು ಬ್ಯಾಟರಿಯಲ್ಲಿ ಸಂಗ್ರಹಿಸುವ ಅಥವಾ ಸಾರ್ವಜನಿಕ ವಿದ್ಯುಜ್ಜಾಲಕ್ಕೆ ಹರಿಯಬಿಡುವ ವ್ಯವಸ್ಥೆಗೆ ಗೃಹ ಸೌರವಿದ್ಯುತ್ತೆಂದು ಹೆಸರು. ಬಿಸಿಲಿನಿಂದ ಸ್ನಾನದ ನೀರನ್ನು ಕಾಯಿಸುವ ಸಾಧನವು ವಿದ್ಯುತ್ತನ್ನು ಉತ್ಪಾದಿಸತಕ್ಕದ್ದಲ್ಲವಾದರೂ, ಜನರು ಎರಡನ್ನೂ ಸೋಲಾರ್ ಎಂದೇ ಕರೆಯುತ್ತಾರೆ. ಅಲ್ಲದೆ ಹಾಸನ ಜಿಲ್ಲೆಯಂಥ ಚಳಿಯ ಸೀಮೆಯಲ್ಲಿ ಇಂಧನದ ಉಳಿತಾಯವು ಮೊದಲು ಬಚ್ಚಲುಮನೆಯಿಂದಲೇ ಆರಂಭವಾದುದರಿಂದ ಆ ಸಾಧನವನ್ನು ಇಲ್ಲಿ ಬಿಡುವಂತಿಲ್ಲ. ಫಲಕವು ಯಾವ ಇಂಧನವನ್ನು ಮನೆಯಿಂದ ಹೊರಗಟ್ಟಿತೆಂಬುದರ ಮೇಲೆ ಅದರಿಂದ ಪರಿಸರಕ್ಕಾಗುವ ಉಪಕಾರದ ಪ್ರಮಾಣವು ನಿರ್ಧಾರವಾಗುವುದರಿಂದ, ಒಂದೇ ಬಗೆಯ, ಒಂದೇ ಅಳತೆಯ ಫಲಕಕ್ಕೆ ಹಾಸನ ನಗರದ ಬಡಾವಣೆಯಲ್ಲಿ ಒಂದು ಬೆಲೆಯೂ ಅರಕಲಗೂಡಿನ ಹಳ್ಳಿಯಲ್ಲಿ ಬೇರೊಂದು ಬೆಲೆಯೂ ಉಂಟು. ಈ ಭೇದವನ್ನು ಮರೆತು, ಇಷ್ಟು ಫಲಕವಿದ್ದರೆ ಇಷ್ಟು ಮರ ನೆಟ್ಟಂತೆ ಎಂದು ಸರಾಸರಿ ಲೆಕ್ಕ ಹೇಳುವ ಪದ್ಧತಿ ಮಾರಾಟಗಾರರಿಗೆ ಅನುಕೂಲವಾದುದೇ ಹೊರತು ಗೃಹಸ್ಥನಿಗೆ ಉಪಯುಕ್ತವಾದುದಲ್ಲ.

ಸೀಮೆಯ ಸ್ವರೂಪ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳು ಮಲೆನಾಡು ಮುಗಿದು ಮೈದಾನ ಮೊದಲಾಗುವ ಎಡೆಯಲ್ಲಿ, ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಹಾಸನ ನಗರವು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದ್ದು, ಬೇಸಿಗೆಯಲ್ಲಿಯೂ ಅಸಹ್ಯವಾದ ತಾಪಕ್ಕೆ ಒಳಗಾಗುವುದಿಲ್ಲ. ಪಶ್ಚಿಮದಲ್ಲಿ ಅರಕಲಗೂಡು ಕೊಡಗಿನ ಕಡೆಯ ಮೋಡವನ್ನು ತನ್ನ ಪಾಲಿಗೆ ಪಡೆಯುತ್ತದೆ. ಪೂರ್ವದಲ್ಲಿ ಶ್ರವಣಬೆಳಗೊಳವನ್ನು ಒಳಗೊಂಡ ಚನ್ನರಾಯಪಟ್ಟಣವು ತೆಂಗು, ರಾಗಿ, ಕೊಳವೆಬಾವಿಗಳ ಒಣಸೀಮೆ. ಹೊಳೆನರಸೀಪುರವು ಹೇಮಾವತಿಯ ದಡದಲ್ಲಿ ಇವೆರಡರ ನಡುವೆ ಇದೆ. ಸಮತಲವಾದ ಒಂದು ಚದರ ಮೀಟರ್ ನೆಲದ ಮೇಲೆ ವರ್ಷದ ಸರಾಸರಿಯಲ್ಲಿ ದಿನವೊಂದಕ್ಕೆ ಬೀಳುವ ಸೂರ್ಯಶಕ್ತಿ ಇಲ್ಲಿ ಐದು ಯೂನಿಟ್ಟಿನ ಆಸುಪಾಸಿನಲ್ಲಿರುವುದಾದರೂ, ಮಳೆಗಾಲದ ಮೋಡದ ದೆಸೆಯಿಂದ ಪಶ್ಚಿಮಕ್ಕೆ ಹೋದಂತೆ ಅದು ತಗ್ಗುತ್ತದೆ.

ಬಿಸಿಲು ಹೆಚ್ಚಾದಷ್ಟೂ ವಿದ್ಯುತ್ತು ಹೆಚ್ಚೆಂಬುದು ನಿಜ. ಆದರೆ ಸೆಖೆ ಹೆಚ್ಚಾದಷ್ಟೂ ವಿದ್ಯುತ್ತು ಹೆಚ್ಚೆಂಬ ನಂಬಿಕೆ ತಪ್ಪು. ಸಿಲಿಕಾನ್ ಕೋಶದ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಅಲ್ಲಿಂದ ಮೇಲಕ್ಕೆ ಏರುವ ಪ್ರತಿಯೊಂದು ಡಿಗ್ರಿಗೂ ಅದರ ಉತ್ಪನ್ನವು ನೂರಕ್ಕೆ 0.35ರಿಂದ 0.4ರಷ್ಟು ಕುಂದುವುದರಿಂದ, ರಾಯಚೂರು ಕಲಬುರಗಿಗಳ ಉರಿಬಿಸಿಲಿನಲ್ಲಿ ಬೇಯುವ ಫಲಕಕ್ಕಿಂತ ಹಾಸನದ ತಂಗಾಳಿಯಲ್ಲಿ ಕುಳಿತ ಫಲಕವು ಅದೇ ಪ್ರಮಾಣದ ಬೆಳಕಿನಿಂದ ಕೊಂಚ ಅಧಿಕವಾದ ವಿದ್ಯುತ್ತನ್ನು ತೆಗೆಯಬಲ್ಲುದು. ಈ ಅಕ್ಷಾಂಶದಲ್ಲಿ ಫಲಕವನ್ನು ದಕ್ಷಿಣಾಭಿಮುಖವಾಗಿ ಸುಮಾರು 13 ಡಿಗ್ರಿ ಓರೆಯಾಗಿ ನಿಲ್ಲಿಸುವುದು ವಾಡಿಕೆ. ಆದರೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನು ನೆತ್ತಿಗಿಂತ ಉತ್ತರಕ್ಕೆ ಸರಿದಿರುವನಾದ್ದರಿಂದ, ಮನೆಯ ಮುಖ ಬೇರೆ ದಿಕ್ಕಿಗಿದೆಯೆಂದು ಆಲೋಚನೆ ಕೈಬಿಡಬೇಕಾದ ಅಗತ್ಯವಿಲ್ಲ. ಪೂರ್ವಕ್ಕೋ ಪಶ್ಚಿಮಕ್ಕೋ ಅಲ್ಪ ಓರೆಯಲ್ಲಿ ಮಲಗಿಸಿದರೂ ಆಗುವ ನಷ್ಟ ದೊಡ್ಡದಲ್ಲ.

ಪೂರ್ವವೃತ್ತಾಂತ

ಬೆಳಕು ಬಿದ್ದೊಡನೆ ಕೆಲವು ಪದಾರ್ಥಗಳಲ್ಲಿ ವಿದ್ಯುತ್ಪ್ರವಾಹವು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ ಗಮನಿಸಿದನು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು 1954ರಲ್ಲಿ ಉಪಯೋಗಾರ್ಹವಾದ ಮೊದಲ ಸಿಲಿಕಾನ್ ಕೋಶವನ್ನು ಸಿದ್ಧಪಡಿಸಿದಾಗ ಅದು ಬಿದ್ದ ಬೆಳಕಿನ ನೂರಕ್ಕೆ ಆರು ಪಾಲನ್ನು ಮಾತ್ರ ವಿದ್ಯುತ್ತನ್ನಾಗಿ ಮಾಡುತ್ತಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಫಲಕಗಳು ನೂರಕ್ಕೆ ಇಪ್ಪತ್ತು ಪಾಲನ್ನು ದಾಟಿವೆ. ಆ ಕೋಶಗಳಿಗೆ ಮೊದಲು ಕೆಲಸ ಸಿಕ್ಕಿದುದು ಮನೆಗಳಲ್ಲಲ್ಲ, ಆಕಾಶದಲ್ಲಿ. ಈ ವಿಷಯದಲ್ಲಿ ಹಾಸನಕ್ಕೆ ಒಂದು ವಿಶಿಷ್ಟ ಸಂಬಂಧವುಂಟು. ಇನ್ಸಾಟ್ ಮಾಲಿಕೆಯ ಉಪಗ್ರಹಗಳನ್ನು ಭೂಮಿಯಿಂದ ನಿಯಂತ್ರಿಸುವ ಸಲುವಾಗಿ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯು 1982ರಲ್ಲಿ ಹಾಸನದಲ್ಲಿ ಪ್ರಧಾನ ನಿಯಂತ್ರಣ ಕೇಂದ್ರವನ್ನು ತೆರೆಯಿತು. ಅಂದಿನಿಂದ ಆ ಕೇಂದ್ರದ ತಜ್ಞರು ಸಹಸ್ರಾರು ಕಿಲೋಮೀಟರ್ ದೂರದ ಸೌರಫಲಕಗಳು ಸೂರ್ಯನಿಗೆ ಅಭಿಮುಖವಾಗಿರುವಂತೆ ನೋಡಿಕೊಳ್ಳುತ್ತ ಬಂದಿದ್ದಾರೆ. ಅದೇ ವರ್ಷಗಳಲ್ಲಿ ಸುತ್ತಣ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಸೀಮೆಎಣ್ಣೆಯ ಬುಡ್ಡಿಯೇ ರಾತ್ರಿಯ ದೀಪವಾಗಿತ್ತೆಂಬುದು ಆ ಕಾಲದ ವೈಚಿತ್ರ್ಯ.

ಕರ್ನಾಟಕದ ಹಳ್ಳಿಮನೆಗಳಿಗೆ ಸೌರದೀಪವನ್ನು ಸಾಲಸೌಕರ್ಯದೊಡನೆ ಮುಟ್ಟಿಸುವ ಪ್ರಯತ್ನದಲ್ಲಿ, ಹರೀಶ್ ಹಂದೆಯವರು ಸಹಸಂಸ್ಥಾಪಕರಾಗಿ 1995ರಲ್ಲಿ ಪ್ರಾರಂಭವಾದ ಸೆಲ್ಕೋ ಸಂಸ್ಥೆಯ ಹೆಸರು ಮುಖ್ಯವಾದುದು. ಆ ಕಾರ್ಯಕ್ಕಾಗಿ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಒಂದು ಸಣ್ಣ ಫಲಕ, ಒಂದು ಬ್ಯಾಟರಿ, ಎರಡು ಅಥವಾ ನಾಲ್ಕು ದೀಪ: ಇಷ್ಟೇ ಆ ಕಾಲದ ಗೃಹ ಸೌರವಿದ್ಯುತ್ತು. ವಿದ್ಯುಜ್ಜಾಲಕ್ಕೆ ಜೋಡಿಸಿದ ಕಿಲೋವ್ಯಾಟ್ ಪ್ರಮಾಣದ ಮಾಳಿಗೆಯ ಸ್ಥಾವರಗಳು ಬಂದುದು ಅನಂತರ.

ಸೀಮೆಎಣ್ಣೆ ಮತ್ತು ಬಚ್ಚಲ ಒಲೆ

ವಿದ್ಯುತ್ತಿನ ಪ್ರಮಾಣವನ್ನಷ್ಟೇ ನೋಡಿದರೆ ಈ ಸಣ್ಣ ದೀಪಗಳು ಲೆಕ್ಕಕ್ಕೆ ಬರತಕ್ಕವಲ್ಲ. ಆದರೆ ಅವು ಹೊರಗಟ್ಟಿದ ಬುಡ್ಡಿದೀಪದ ಸ್ವಭಾವವನ್ನು ತಿಳಿದವರು ಅವುಗಳನ್ನು ಹಗುರವಾಗಿ ಕಾಣಲಾರರು. ಗಾಜಿನ ಚಿಮಣಿಯಿಲ್ಲದ ಬತ್ತಿಯಲ್ಲಿ ಉರಿಯುವ ಸೀಮೆಎಣ್ಣೆಯ ನೂರಕ್ಕೆ ಏಳರಿಂದ ಒಂಬತ್ತು ಪಾಲು ಅಪ್ಪಟ ಕಾಡಿಗೆಯಾಗಿ, ಅಂದರೆ ಕಪ್ಪು ಇಂಗಾಲವಾಗಿ ಗಾಳಿಗೆ ಸೇರುವುದೆಂದು 2012ರಲ್ಲಿ ಪ್ರಕಟವಾದ ಅಳತೆಗಳಿಂದ ತಿಳಿದುಬಂದಿದೆ. ಈ ಕಪ್ಪು ಇಂಗಾಲವು ವಾತಾವರಣದಲ್ಲಿ ಕೆಲವು ದಿನ ಮಾತ್ರ ಇರುವುದಾದರೂ, ಇರುವಷ್ಟು ಹೊತ್ತು ಸೂರ್ಯನ ಶಾಖವನ್ನು ಹೀರಿಕೊಳ್ಳುವ ಶಕ್ತಿಯಲ್ಲಿ ಇಂಗಾಲಾಮ್ಲವನ್ನು, ಅಂದರೆ ಕಾರ್ಬನ್ ಡೈಆಕ್ಸೈಡನ್ನು, ಅನೇಕ ಪಟ್ಟು ಮೀರಿಸುತ್ತದೆ. ಮನೆಯೊಳಗೆ ಅದು ಮಾಡುವ ಹಾನಿಯನ್ನು ತೋರಿಸಲು ಉಪಕರಣ ಬೇಕಾಗಿಲ್ಲ. ಹಳೆಯ ನಾಡಹೆಂಚಿನ ಮನೆಗಳಲ್ಲಿ ಬುಡ್ಡಿ ಇಡುತ್ತಿದ್ದ ಗೂಡಿನ ಮೇಲ್ಗಡೆ ಸುಣ್ಣ ಎಷ್ಟು ಬಾರಿ ಬಳಿದರೂ ಮರೆಯಾಗದ ಕರಿಪಟ್ಟಿ ಗೋಡೆಯ ಉದ್ದಕ್ಕೆ ಏರಿರುವುದನ್ನು ಇಂದಿಗೂ ಕಾಣಬಹುದು. ಆ ಗೂಡಿನ ಕೆಳಗೆ ಕುಳಿತು ಓದಿದ ಮಕ್ಕಳ ಶ್ವಾಸಕೋಶದಲ್ಲಿಯೂ ಅದರ ಒಂದು ಪಾಲು ಉಳಿಯಿತು. ಇಂದು ಈ ಸೀಮೆಯಲ್ಲಿ ವಿದ್ಯುತ್ತಿನ ತಂತಿ ತಲಪದ ಮನೆ ವಿರಳವಾಗಿರುವುದರಿಂದ ಬುಡ್ಡಿಯ ಅಧ್ಯಾಯ ಬಹುಮಟ್ಟಿಗೆ ಮುಗಿದಿದೆ. ತೋಟದ ಮನೆಗಳಲ್ಲಿಯೂ ಕರೆಂಟು ಹೋದ ಮಳೆಗಾಲದ ರಾತ್ರಿಗಳಲ್ಲಿಯೂ ಮಾತ್ರ ಸಣ್ಣ ಸೌರದೀಪಕ್ಕೆ ಹಳೆಯ ಗೌರವ ಉಳಿದಿದೆ.

ಬಚ್ಚಲ ಒಲೆಯ ಅಧ್ಯಾಯ ಹಾಗೆ ಮುಗಿದಿಲ್ಲ. ಈ ಕಡೆಯ ಮನೆಗಳಲ್ಲಿ ಗೋಡೆಗೆ ಹುದುಗಿಸಿದ ತಾಮ್ರದ ಹಂಡೆ, ಅದರ ಕೆಳಗೆ ಹೊರಗಿನಿಂದಲೋ ಒಳಗಿನಿಂದಲೋ ಉರಿ ಹಾಕುವ ಒಲೆ, ಇವು ಮನೆ ಕಟ್ಟುವಾಗಲೇ ಯೋಜಿತವಾಗಿರುತ್ತಿದ್ದವು. ಉರಿಗೆ ಚನ್ನರಾಯಪಟ್ಟಣದ ಕಡೆ ತೆಂಗಿನ ಸೋಗೆ, ಮಟ್ಟೆ, ಕರಟ. ಅರಕಲಗೂಡಿನ ಕಡೆ ತೋಟದ ಕೊಂಬೆ, ಕಾಡಿನ ಸೌದೆ. ನಗರದಲ್ಲಿ ಸೌದೆ ಡಿಪೋದಿಂದ ತಂದ ಸೀಳು. ನೂರು ಲೀಟರ್ ನೀರನ್ನು ಮೂವತ್ತು ಡಿಗ್ರಿಯಷ್ಟು ಬಿಸಿಮಾಡಲು ಸುಮಾರು ಮೂರೂವರೆ ಯೂನಿಟ್ಟಿನ ಶಾಖ ಬೇಕು. ಒಲೆಯ ಶಾಖದಲ್ಲಿ ಬಹುಭಾಗವು ಹೊಗೆಯೊಡನೆ ಹೊರಟುಹೋಗುವುದರಿಂದ, ಇಷ್ಟು ಕೆಲಸಕ್ಕೆ ಐದು ಕಿಲೋವಿನಷ್ಟು ಒಣ ಸೌದೆ ಉರಿಯುತ್ತದೆಂದು ಎಣಿಸಬಹುದು. ಒಂದು ಸಂಸಾರಕ್ಕೆ ವರ್ಷಕ್ಕೆ ಒಂದೂವರೆ ಟನ್ನು ಮೀರಿದ ಸೌದೆಯಾಯಿತು. ಎರಡು ಚದರ ಮೀಟರ್ ವಿಸ್ತಾರದ, ನೂರು ಲೀಟರಿನ ಒಂದು ಸೌರ ಜಲತಾಪಕವು ಬಿಸಿಲಿರುವ ದಿನಗಳಲ್ಲಿ ಈ ಕೆಲಸವನ್ನು ನಿಶ್ಶಬ್ದವಾಗಿ ಮಾಡಿ ಮುಗಿಸುತ್ತದೆ. ಮಾಳಿಗೆಯ ವಿಸ್ತಾರ ಕಡಿಮೆಯಿದ್ದು ಒಂದೇ ಸಾಧನಕ್ಕೆ ಎಡೆಯಿದ್ದಲ್ಲಿ, ಸೌದೆ ಸುಡುವ ಅಥವಾ ಗೀಸರಿಗೆ ವಿದ್ಯುತ್ತು ಹಾಕುವ ಮನೆಯವರು ಮೊದಲು ಇದನ್ನೇ ಹಾಕಿಸತಕ್ಕದ್ದೆಂಬುದು ಈ ಲೇಖಕನ ಸ್ಪಷ್ಟಾಭಿಪ್ರಾಯ. ಸೌರ ಜಲತಾಪಕವುಳ್ಳ ಮನೆಗಳಿಗೆ ಕರ್ನಾಟಕದ ವಿದ್ಯುತ್ ದರಪಟ್ಟಿಯಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿಯನ್ನು ಬಹುಕಾಲದಿಂದ ಕೊಡುತ್ತ ಬಂದಿರುವುದಕ್ಕೂ ಇದೇ ಕಾರಣ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ತೆಂಗಿನ ಸೋಗೆಯನ್ನು ಸುಟ್ಟರೆ ಹೊರಡುವ ಇಂಗಾಲಾಮ್ಲವನ್ನು ಮುಂದಿನ ವರ್ಷದ ಸೋಗೆ ಮರಳಿ ಹೀರುವುದರಿಂದ, ಭೂಮಿಯ ತಾಪದ ಲೆಕ್ಕದಲ್ಲಿ ಚನ್ನರಾಯಪಟ್ಟಣದ ಹಂಡೆಯೊಲೆ ದೊಡ್ಡ ಅಪರಾಧಿಯಲ್ಲ. ಅದರ ದೋಷವು ಹೊಗೆಯಲ್ಲಿದೆ, ಆ ಹೊಗೆಯನ್ನು ಕುಡಿಯುವ ಹೆಂಗಸರ ಕಣ್ಣು ಮತ್ತು ಎದೆಯಲ್ಲಿದೆ. ಮತ್ತು ಸುಡದೆ ಉಳಿದ ಸೋಗೆ, ಮಟ್ಟೆಗಳನ್ನು ಮರದ ಬುಡಕ್ಕೆ ಹೊದಿಕೆಯಾಗಿ ಹಾಸಿದರೆ ಆ ಒಣಸೀಮೆಯಲ್ಲಿ ತೇವ ಆರದೆ, ಕೊಳವೆಬಾವಿಯಿಂದ ಎತ್ತಬೇಕಾದ ನೀರು ತಗ್ಗುತ್ತದೆ. ಅರಕಲಗೂಡಿನಲ್ಲಿ ಲೆಕ್ಕ ಬೇರೆ. ಅಲ್ಲಿ ಉರಿಯುವ ಸೌದೆಯ ಒಂದು ಪಾಲು ಮರಳಿ ಬೆಳೆಯದ ಮರಗಳಿಂದ ಬಂದುದಾದ್ದರಿಂದ ಉಳಿತಾಯದ ಬೆಲೆ ಹೆಚ್ಚು. ಆದರೂ ಅದೇ ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜುಕಟ್ಟೆಗೆ ಬರುವ ಹೊಗೆಸೊಪ್ಪನ್ನು ಹದಗೊಳಿಸಲು ಬ್ಯಾರನ್ನುಗಳಲ್ಲಿ ಉರಿಯುವ ಸೌದೆಯ ರಾಶಿಯ ಮುಂದೆ ಬಚ್ಚಲೊಲೆಯ ಸೌದೆ ಅಲ್ಪವೆಂಬುದನ್ನೂ, ಆ ರಾಶಿಯನ್ನು ಮನೆಯ ಮೇಲಿನ ಯಾವ ಫಲಕವೂ ಕರಗಿಸಲಾರದೆಂಬುದನ್ನೂ ಮರೆಮಾಚುವುದು ಯುಕ್ತವಲ್ಲ.

ಕಲ್ಲಿದ್ದಲು

ಹೊಳೆನರಸೀಪುರದ ಮುಂದೆ ಹರಿಯುವ ಹೇಮಾವತಿಯು ಕಾವೇರಿಯನ್ನು ಸೇರಿ, 1902ರಿಂದ ಶಿವನಸಮುದ್ರದಲ್ಲಿ ವಿದ್ಯುತ್ತಾಗುತ್ತ ಬಂದಿದೆ. ಮೈಸೂರು ಸಂಸ್ಥಾನದ ವಿದ್ಯುತ್ತು ಬಹುಕಾಲ ನೀರಿನದಾಗಿದ್ದುದರಿಂದ, ನಮ್ಮ ದೀಪಕ್ಕೆ ಹೊಗೆಯ ಸಂಪರ್ಕವಿಲ್ಲವೆಂಬ ಭಾವನೆ ಹಳೆಯ ತಲೆಮಾರಿನಲ್ಲಿ ಬೇರೂರಿತ್ತು. ರಾಯಚೂರಿನ ಶಾಖೋತ್ಪನ್ನ ಕೇಂದ್ರವು 1985ರಲ್ಲಿ ಕಾರ್ಯಾರಂಭ ಮಾಡಿದಂದಿನಿಂದ ಆ ಭಾವನೆಗೆ ಆಧಾರ ತಪ್ಪಿತು. ಈಚೆಗೆ ಉಡುಪಿ ಜಿಲ್ಲೆಯ ಎಲ್ಲೂರಿನ ಬಳಿ, ಹಡಗಿನಲ್ಲಿ ಆಮದಾದ ಕಲ್ಲಿದ್ದಲನ್ನು ಸುಡುವ 1,200 ಮೆಗಾವ್ಯಾಟಿನ ಸ್ಥಾವರದ ವಿದ್ಯುತ್ತು 400 ಕಿಲೋವೋಲ್ಟಿನ ಮಾರ್ಗದ ಮೂಲಕ ಪಶ್ಚಿಮಘಟ್ಟವನ್ನು ಹತ್ತಿ ಬಂದು ಇಳಿಯುವುದು ಹಾಸನ ತಾಲ್ಲೂಕಿನ ಶಾಂತಿಗ್ರಾಮದಲ್ಲಿ. ಘಟ್ಟದ ಕಾಡಿನಲ್ಲಿ ಅಂಥ ಮಾರ್ಗಕ್ಕಾಗಿ ಮರ ಕಡಿದು ಬರಿದುಮಾಡಿದ ಪಟ್ಟೆಯನ್ನು ಮತ್ತೆ ಮರವಾಗಲು ಬಿಡುವುದಿಲ್ಲ.

ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ನಮ್ಮ ದೇಶದ ಗಣಿಗಳ ಕಲ್ಲಿದ್ದಲಾದರೆ ಸುಮಾರು 0.7 ಕಿಲೋ ಉರಿಯುತ್ತದೆ. ಅದರಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿ. ಶೈತ್ಯಗೋಪುರವುಳ್ಳ ಹಳೆಯ ಸ್ಥಾವರಗಳಿಗೆ 2015ರ ಅಧಿಸೂಚನೆಯು ನಿಗದಿಪಡಿಸಿದ ಮಿತಿಯಂತೆಯೇ ಹೋದರೂ ಒಂದು ಯೂನಿಟ್ಟಿಗೆ ಮೂರೂವರೆ ಲೀಟರ್ ನೀರು ವ್ಯಯವಾಗುತ್ತದೆ. ಹೀಗೆ ಹುಟ್ಟಿದ ವಿದ್ಯುತ್ತಿನಲ್ಲಿ, ಇಡೀ ದೇಶದ ಲೆಕ್ಕವನ್ನು ಹಿಡಿದರೆ, ಹೆಚ್ಚುಕಡಿಮೆ ಆರನೆಯ ಒಂದು ಭಾಗವು ತಂತಿ ಮತ್ತು ಪರಿವರ್ತಕಗಳಲ್ಲಿ ಸೋರಿಹೋಗುವುದು; ಮಾಳಿಗೆಯ ಮೇಲೆ ಹುಟ್ಟಿ ಅದೇ ಮನೆಯಲ್ಲೋ ಅದೇ ಬೀದಿಯಲ್ಲೋ ಮುಗಿದುಹೋಗುವ ವಿದ್ಯುತ್ತಿಗೆ ಈ ಸೋರಿಕೆಯಿಲ್ಲ.

ಸಾಧಾರಣ ಗೃಹಸ್ಥನ ಮನೆಗೆ ಸಾಕಾಗುವ 3 ಕಿಲೋವ್ಯಾಟಿನ ಸ್ಥಾವರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಸುಮಾರು 30 ಚದರ ಮೀಟರ್ ತಾರಸಿಯನ್ನು ಆಕ್ರಮಿಸಿ, ದಿನಕ್ಕೆ ಸರಾಸರಿ 11ರಿಂದ 12 ಯೂನಿಟ್ಟಿನಂತೆ ವರ್ಷಕ್ಕೆ 4,200 ಯೂನಿಟ್ಟಿನಷ್ಟು ಉತ್ಪಾದಿಸುತ್ತದೆ. ಅಷ್ಟೂ ಕಲ್ಲಿದ್ದಲಿನ ವಿದ್ಯುತ್ತನ್ನೇ ತಪ್ಪಿಸಿತೆಂದು ಭಾವಿಸಿದರೆ ವರ್ಷಕ್ಕೆ ಸುಮಾರು 3 ಟನ್ನು ಕಲ್ಲಿದ್ದಲು, ಒಂದು ಟನ್ನು ಬೂದಿ, ಹದಿನಾಲ್ಕು ಸಾವಿರ ಲೀಟರಿಗೆ ಮಿಕ್ಕ ನೀರು ಉಳಿಯಿತು. ನೀರು, ಗಾಳಿ, ಪರಮಾಣು ಎಲ್ಲವನ್ನೂ ಬೆರೆಸಿದ ಭಾರತದ ವಿದ್ಯುಜ್ಜಾಲದ ಸರಾಸರಿಯಂತೆ, ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲಾಮ್ಲವೆಂದು ಹಿಡಿದರೂ ವರ್ಷಕ್ಕೆ 3 ಟನ್ನು ಸಮೀಪಿಸುತ್ತದೆ. ಇಪ್ಪತ್ತೈದು ವರ್ಷದ ಆಯುಷ್ಯದಲ್ಲಿ, ಪ್ರತಿವರ್ಷವೂ ನೂರಕ್ಕೆ ಅರ್ಧದಂತೆ ಸಾಮರ್ಥ್ಯ ಕುಗ್ಗುವುದನ್ನು ಕಳೆದು, ಒಂದು ಲಕ್ಷ ಯೂನಿಟ್ಟಿನಷ್ಟು ಉತ್ಪನ್ನವೂ ಎಪ್ಪತ್ತು ಟನ್ನಿನಷ್ಟು ಇಂಗಾಲಾಮ್ಲದ ಉಳಿತಾಯವೂ ಆಗುವುವು.

ಫಲಕವೇ ನಿರ್ದೋಷಿಯೆಂದು ಭಾವಿಸಬಾರದು. ಬೆಣಚುಕಲ್ಲನ್ನು ಕರಗಿಸಿ ಶುದ್ಧ ಸಿಲಿಕಾನನ್ನು ಪಡೆಯಲು ಅಗಾಧವಾದ ಶಾಖವೂ ವಿದ್ಯುತ್ತೂ ಬೇಕು. ಲೋಕದ ಬಹುಪಾಲು ಫಲಕಗಳನ್ನು ತಯಾರಿಸುವ ಚೀನಾ ದೇಶದಲ್ಲಿ ಆ ವಿದ್ಯುತ್ತು ಬಹುಮಟ್ಟಿಗೆ ಕಲ್ಲಿದ್ದಲಿನದು. ಗಣಿಯಿಂದ ಗುಜರಿಯವರೆಗಿನ ಸಮಸ್ತ ಜೀವಿತವನ್ನು ಲೆಕ್ಕಕ್ಕೆ ಹಿಡಿದು ಹವಾಮಾನ ಬದಲಾವಣೆಯ ಅಂತರಸರಕಾರಿ ಮಂಡಳಿಯು 2014ರ ವರದಿಯಲ್ಲಿ ಕೊಟ್ಟಿರುವ ಮಧ್ಯಮಾಂಕದಂತೆ, ಮಾಳಿಗೆಯ ಸೌರವಿದ್ಯುತ್ತಿನ ಒಂದು ಯೂನಿಟ್ಟಿಗೆ 41 ಗ್ರಾಂ, ಕಲ್ಲಿದ್ದಲಿನ ಯೂನಿಟ್ಟಿಗೆ 820 ಗ್ರಾಂ ಇಂಗಾಲಾಮ್ಲ ತಗಲುತ್ತದೆ. ಮೇಲಿನ ಉದಾಹರಣೆಯ ಮನೆಯ ಎಪ್ಪತ್ತು ಟನ್ನಿನಿಂದ ನಾಲ್ಕು ಟನ್ನನ್ನು ಈ ಬಾಬತ್ತಿಗೆ ಕಳೆಯಬೇಕು. ಕಳೆದ ಮೇಲೂ ಉಳಿಯುವುದು ಸಣ್ಣ ಮೊತ್ತವಲ್ಲ.

ನೆಲದ ಪ್ರಶ್ನೆ

ಹೇಮಾವತಿಗೆ ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಮುಗಿದಾಗ ಹೊಲಗದ್ದೆಗಳೂ ಊರುಗಳೂ ಮುಳುಗಿದುವು. ಹಾಸನಕ್ಕೆ ಸಮೀಪದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಇಗರ್ಜಿಯು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ನೆಲದ ಮೇಲೆ ಕಾಣಿಸಿಕೊಳ್ಳುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅದರ ಸುತ್ತ ಇದ್ದ ಮನೆಗಳನ್ನು ನೋಡಬರುವವರಿಲ್ಲ. ಗೊರೂರಿನ ಜಲಾಶಯದ ಮುಖ್ಯೋದ್ದೇಶ ನೀರಾವರಿಯಾದರೂ, ನೀರನ್ನು ಕಟ್ಟಿ ನಿಲ್ಲಿಸುವ ಯೋಜನೆಗೆ ತೆರಬೇಕಾದ ಬೆಲೆ ಎಂಥದೆಂಬುದನ್ನು ಈ ಜಿಲ್ಲೆ ಕಣ್ಣಾರೆ ಕಂಡಿದೆ. ಸೂರ್ಯಶಕ್ತಿಯೂ ನೆಲದ ಮೇಲೆ ಹರಡಿದಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು: ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟಿನ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆ ಬೇಕಾಯಿತು. ಅದು ಬರಗಾಲದ ನೆಲವಾದ್ದರಿಂದ ರೈತರು ಗುತ್ತಿಗೆಗೆ ಕೊಡಲೊಪ್ಪಿದರು. ಕುರಿ ಮೇಯಿಸುವವರಿಗೆ ಗೋಮಾಳ ಕಿರಿದಾಯಿತು. ಆಲೂಗೆಡ್ಡೆ, ರಾಗಿ, ಭತ್ತ ಬೆಳೆಯುವ ಹಾಸನದ ಹೊಲಗಳಲ್ಲಿ ಅಂಥ ಉದ್ಯಾನವನ್ನು ಹರಡುವುದು ಬುದ್ಧಿವಂತಿಕೆಯಾಗದು. ಮಾಳಿಗೆಯಾದರೋ ಮನೆ ಕಟ್ಟಿದಂದೇ ಬೆಳೆಗೆ ಎರವಾದ ಜಾಗ. ಅದರ ಮೇಲೆ ಎರಡನೆಯ ಉಪಯೋಗವೊಂದನ್ನು ಹೇರಿದರೆ ಯಾವ ರೈತನೂ ಎದ್ದುಹೋಗಬೇಕಾಗಿಲ್ಲ, ಯಾವ ಹಕ್ಕಿಯ ಗೂಡೂ ಕದಲಬೇಕಾಗಿಲ್ಲ. ಫಲಕದ ನೆರಳಿನಲ್ಲಿ ತಾರಸಿ ಕಾಯದಿರುವುದರಿಂದ ಕೆಳಗಿನ ಕೋಣೆ ತಂಪಾಗುವುದು ಮತ್ತೊಂದು ಲಾಭ.

ಋತು, ವೇಳೆ, ನೆರಳು

ಫೆಬ್ರವರಿಯಿಂದ ಮೇ ತಿಂಗಳವರೆಗೆ, ಲಿಂಗನಮಕ್ಕಿಯೇ ಮೊದಲಾದ ಜಲಾಶಯಗಳ ನೀರು ದಿನದಿನಕ್ಕೆ ಇಳಿಯುತ್ತ ಪಂಪುಸೆಟ್ಟುಗಳ ಬೇಡಿಕೆ ಏರುತ್ತಿರುವಾಗಲೇ ಮಾಳಿಗೆಯ ಫಲಕವು ಅತ್ಯಧಿಕವಾಗಿ ದುಡಿಯುತ್ತದೆ; ಜೂನ್‌ನಿಂದ ಆಗಸ್ಟ್‌ವರೆಗೆ ಅದು ಸೊರಗಿದಾಗ ನದಿಗಳು ತುಂಬಿ ಜಲವಿದ್ಯುತ್ತು ಹೆಚ್ಚುತ್ತದೆ. ಈ ಅನ್ಯೋನ್ಯವು ಕರ್ನಾಟಕದ ಭಾಗ್ಯ. ಬೇಸಿಗೆಯ ಹಗಲಿನಲ್ಲಿ ಉಳಿಸಿದ ಯೂನಿಟ್ಟು ಜಲಾಶಯದಲ್ಲಿ ನೀರಾಗಿ ಉಳಿದು ಸಂಜೆಗೆ ಒದಗಬಲ್ಲುದು.

ಆದರೆ ಸಂಜೆಯ ಪ್ರಶ್ನೆ ಹಾಗೆಯೇ ಇದೆ. ಮನೆಯ ದೀಪ, ಟೀವಿ, ಮಿಕ್ಸಿಗಳ ಹೊತ್ತು ಸೂರ್ಯೋದಯಕ್ಕೆ ಮುಂಚೆ ಮತ್ತು ಸೂರ್ಯಾಸ್ತದ ತರುವಾಯ; ಫಲಕದ ಹೊತ್ತು ನಡುಹಗಲು. ಕರ್ನಾಟಕದಲ್ಲಿ ಪಾವಗಡವೇ ಮೊದಲಾದೆಡೆಗಳಿಂದ ನಡುಹಗಲಿನ ಸೌರವಿದ್ಯುತ್ತು ಈಗಾಗಲೇ ಹೇರಳವಾಗಿರುವುದರಿಂದ, ಹೊಸ ಫಲಕದ ನಡುಹಗಲ ಯೂನಿಟ್ಟು ತಪ್ಪಿಸುವ ಕಲ್ಲಿದ್ದಲು ಮುಂದೆ ಮುಂದೆ ಕಡಿಮೆಯಾಗಬಹುದು. ದಕ್ಷಿಣದ ಜಾಲವು 2013ರ ಡಿಸೆಂಬರ್ 31ರಂದು ರಾಷ್ಟ್ರೀಯ ಜಾಲದೊಡನೆ ಒಂದುಗೂಡಿದ ಮೇಲೆ ಹೊಳೆನರಸೀಪುರದ ಮಿಗತೆ ವಿದ್ಯುತ್ತು ಬೇರೊಂದು ರಾಜ್ಯದ ಶಾಖೋತ್ಪನ್ನವನ್ನು ತಗ್ಗಿಸುವ ಸಾಧ್ಯತೆಯುಂಟಾಗಿ ಈ ಕೊರತೆ ಸ್ವಲ್ಪ ಮಟ್ಟಿಗೆ ನೀಗಿದೆ. ಮನೆಯವರು ತಮ್ಮ ಮಟ್ಟಿಗೆ ಮಾಡಬಹುದಾದುದು ಸರಳ: ನೀರಿನ ಮೋಟರು, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ, ದೋಸೆಹಿಟ್ಟು ರುಬ್ಬುವ ಗ್ರೈಂಡರು ಇವುಗಳನ್ನು ಹನ್ನೊಂದರಿಂದ ಮೂರರೊಳಗೆ ನಡೆಸಿದರೆ ವಿದ್ಯುತ್ತು ಹುಟ್ಟಿದಲ್ಲಿಯೇ ಖರ್ಚಾಗುತ್ತದೆ. ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ಸ್ಥಾವರವು ಕರೆಂಟು ಹೋದೊಡನೆ ತಾನೂ ನಿಂತುಹೋಗುವುದೆಂಬುದನ್ನು ಅನೇಕರು ಹಾಕಿಸಿದ ಮೇಲೆ ತಿಳಿಯುತ್ತಾರೆ. ಕಂಬ ಹತ್ತಿದ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ ಏರ್ಪಟ್ಟ ಕಟ್ಟುಪಾಡು ಅದು.

ನೆರಳಿನ ವಿಚಾರದಲ್ಲಿ ಚನ್ನರಾಯಪಟ್ಟಣದ ತೆಂಗು ಒಂದು ಧರ್ಮಸಂಕಟವನ್ನು ಒಡ್ಡುತ್ತದೆ. ಫಲಕದೊಳಗಿನ ಕೋಶಗಳು ಸರಪಣಿಯಾಗಿ ಜೋಡಿಸಲ್ಪಟ್ಟಿರುವುದರಿಂದ, ಗಾಳಿಗೆ ಓಲಾಡುವ ಒಂದೇ ಸೋಗೆಯ ನೆರಳು ಕೆಲವೇ ಕೋಶಗಳ ಮೇಲೆ ಬಿದ್ದರೂ ಫಲಕದ ಮೂರನೆಯ ಒಂದು ಭಾಗ ಮಂಕಾಗಬಲ್ಲುದು. ಆಗ ಮರವನ್ನು ಕಡಿಸಿಬಿಡುವ ಸಲಹೆ ಕೇಳಿಬರುತ್ತದೆ. ಹಿತ್ತಲಿನ ಮರ ಹೀರುವ ಇಂಗಾಲಾಮ್ಲ ವರ್ಷಕ್ಕೆ ಕೆಲವು ಹತ್ತು ಕಿಲೋ ಮಾತ್ರವಾದುದರಿಂದ ಬರಿಯ ಅಂಕಗಣಿತವು ಕೊಡಲಿಯ ಪಕ್ಷವನ್ನೇ ವಹಿಸುವುದು. ಆದರೆ ನೆರಳು, ಕಾಯಿ, ಅಳಿಲು, ಹಕ್ಕಿ, ಮಣ್ಣಿನ ತೇವ ಇವು ಯಾವುವೂ ಆ ಅಂಕಗಣಿತಕ್ಕೆ ಒಳಪಟ್ಟಿಲ್ಲ. ಫಲಕವನ್ನು ತಾರಸಿಯ ಇನ್ನೊಂದು ಮೂಲೆಗೆ ಸರಿಸುವುದೋ ಕಬ್ಬಿಣದ ಚೌಕಟ್ಟನ್ನು ಒಂದಾಳು ಎತ್ತರಿಸುವುದೋ ಉತ್ತಮ. ಎತ್ತರಿಸಿದ ಚೌಕಟ್ಟಿನ ಕೆಳಗೆ ಹಪ್ಪಳ ಸಂಡಿಗೆ ಹಾಕಲು ಮಾತ್ರ ಬಿಸಿಲಿರದು.

ಅಲ್ಪ ಓರೆಯ ಫಲಕಗಳಲ್ಲಿ ಇನ್ನೊಂದನ್ನು ಕಾಣಬಹುದು. ನವೆಂಬರಿನಿಂದ ಜನವರಿಯವರೆಗಿನ ಮಂಜು ಗಾಜಿನ ಮೇಲೆ ಹನಿಗಟ್ಟಿ, ರಾಗಿ ಒಕ್ಕಣೆಯ ಹೊಟ್ಟನ್ನೂ ಹೆದ್ದಾರಿಯ ಧೂಳನ್ನೂ ಕರಗಿಸಿಕೊಂಡು ಇಳಿದು, ಕೆಳ ಅಂಚಿನ ಅಲ್ಯೂಮಿನಿಯಂ ಚೌಕಟ್ಟಿಗೆ ತಡೆದು ನಿಂತು ಆರಿದಾಗ, ಬೆರಳಗಲದ ಕೆಸರಿನ ಪಟ್ಟಿಯೊಂದು ಉಳಿಯುತ್ತದೆ. ಮೇಲಿನ ಗಾಜೆಲ್ಲ ಸ್ವಚ್ಛವಾಗಿದ್ದರೂ ಈ ಪಟ್ಟಿಯು ಕೊನೆಯ ಸಾಲಿನ ಕೋಶಗಳನ್ನು ಮುಚ್ಚಿ ಸೋಗೆಯ ನೆರಳಿನಷ್ಟೇ ಹಾನಿ ಮಾಡುವುದು. ಬೆಳಗಿನ ತಂಪಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕೊಳವೆಬಾವಿಯ ಗಡಸು ನೀರನ್ನು ಸುರಿದು ಒಣಗಲು ಬಿಟ್ಟರೆ ಬಿಳಿಯ ಕಲೆ ಕಟ್ಟಿ ಮೊದಲಿನದಕ್ಕಿಂತ ಕೆಡುಕಾಗುತ್ತದೆ. ಮಳೆನೀರು ಹಿಡಿದಿಟ್ಟ ಮನೆಗಳಲ್ಲಿ ಅದೇ ಪ್ರಶಸ್ತ. ಫಲಕಗಳಿಗೆ ಒದಗುವ ಕಪಿಗಳ ಕಾಟಕ್ಕಾದರೋ ಇಷ್ಟು ಸುಲಭವಾದ ಪರಿಹಾರವಿಲ್ಲ.

ಸರಕಾರದ ನೀತಿ

ಹಾಸನ ಜಿಲ್ಲೆಗೆ ವಿದ್ಯುತ್ತನ್ನು ವಿತರಿಸುವುದು ಮೈಸೂರಿನಲ್ಲಿ ಕೇಂದ್ರವುಳ್ಳ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಮಿಗತೆ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟು ಬಳಸಿದ ವಿದ್ಯುತ್ತಿನೊಡನೆ ಸರಿದೂಗಿಸುವ ನೆಟ್ ಮೀಟರಿನ ಏರ್ಪಾಡು ಅದರ ಮೂಲಕ ನಡೆಯುತ್ತದೆ. ಕೇಂದ್ರ ಸರಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 75,021 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದು ಕೋಟಿ ಮನೆಗಳನ್ನು ಮುಟ್ಟುವ ಉದ್ದೇಶವುಳ್ಳದ್ದು. ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000 ರೂಪಾಯಿ ಮೀರದ ಸಹಾಯಧನ ಅದರಲ್ಲಿದೆ. ಇದಕ್ಕೆ ಆರೇಳು ತಿಂಗಳು ಮುಂಚೆ, 2023ರಲ್ಲಿ, ಕರ್ನಾಟಕ ಸರಕಾರದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್ಟಿನವರೆಗೆ ಬಳಕೆಗನುಗುಣವಾಗಿ ಉಚಿತ ವಿದ್ಯುತ್ತನ್ನು ಕೊಡಲಾರಂಭಿಸಿತು. ಬಡ ಸಂಸಾರಗಳಿಗೆ ಅದರಿಂದಾದ ನೆಮ್ಮದಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಸೊನ್ನೆಯ ಬಿಲ್ಲು ಬರುವ ಮನೆಯವನಿಗೆ ಸಹಾಯಧನ ಕಳೆದೂ ಲಕ್ಷದ ಆಸುಪಾಸಿನ ಹಣ ಹೂಡಲು ಕಾರಣವೇ ಉಳಿಯದಿರುವುದರಿಂದ, ಈ ಎರಡು ಯೋಜನೆಗಳು ಒಂದೇ ತಾರಸಿಯ ಮೇಲೆ ಪರಸ್ಪರ ಬೆನ್ನು ತಿರುಗಿಸಿ ನಿಂತಿವೆಯೆನ್ನಬೇಕು. ಫಲಿತಾಂಶವಾಗಿ ಫಲಕಗಳು ಹೆಚ್ಚು ವಿದ್ಯುತ್ತು ಬಳಸುವ, ಸ್ವಂತ ತಾರಸಿಯುಳ್ಳ, ಉಳ್ಳವರ ಮನೆಗಳಲ್ಲಿಯೇ ಕಾಣುತ್ತವೆ; ಬಾಡಿಗೆಯವರಿಗೂ ನಾಡಹೆಂಚಿನ ಮಾಡಿನವರಿಗೂ ದಾರಿ ಇನ್ನೂ ಸುಗಮವಾಗಿಲ್ಲ.

ಬ್ಯಾಟರಿ ಮತ್ತು ತ್ಯಾಜ್ಯ

ಗೃಹ ಸೌರವಿದ್ಯುತ್ತಿನ ಅತ್ಯಂತ ಮಲಿನವಾದ ಅಂಗ ಸೀಸ ಮತ್ತು ಆಮ್ಲದ ಬ್ಯಾಟರಿ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಸತ್ತುಹೋಗುವ ಇದನ್ನು ಯುಪಿಎಸ್ ಅಂಗಡಿಯವನಿಗೆ ಹಿಂದಿರುಗಿಸಿದರೆ ಸೀಸವು ಕಾರ್ಖಾನೆಗೆ ಮರಳುವುದು. ಬೀದಿಯಲ್ಲಿ ಬರುವ ಗುಜರಿಯವನಿಗೆ ನಾಲ್ಕು ಕಾಸು ಹೆಚ್ಚಿಗೆಂದು ಕೊಟ್ಟರೆ ಆಮ್ಲವು ಚರಂಡಿಗೂ, ಬಯಲಿನಲ್ಲಿ ಕರಗಿಸಿದ ಸೀಸದ ಹೊಗೆ ಸುತ್ತಣ ಮಕ್ಕಳ ರಕ್ತಕ್ಕೂ ಸೇರುವುದು. ಆದುದರಿಂದ ಕರೆಂಟು ಸಾಮಾನ್ಯವಾಗಿ ಇರುವ ಊರುಗಳಲ್ಲಿ ಬ್ಯಾಟರಿಯಿಲ್ಲದ ಸ್ಥಾವರವೇ ಪರಿಸರಕ್ಕೆ ಹಿತ. ಬ್ಯಾಟರಿ ತ್ಯಾಜ್ಯದ ನಿಯಮಗಳು 2022ರಲ್ಲಿ ಬಂದು, ಹಳೆಯದನ್ನು ಮರಳಿ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.

ಫಲಕದ ತೂಕದಲ್ಲಿ ಬಹುಭಾಗ ಗಾಜು; ಉಳಿದುದರಲ್ಲಿ ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿನ ಪದರ, ಸಿಲಿಕಾನ್, ತಾಮ್ರ, ಅಲ್ಪ ಬೆಳ್ಳಿ, ಬೆಸುಗೆಯಲ್ಲಿ ಕೊಂಚ ಸೀಸ. ಚೌಕಟ್ಟನ್ನು ಬಿಚ್ಚಿ ಮಾರುವುದು ಯಾವ ಗುಜರಿಯವನಿಗೂ ಸಾಧ್ಯ. ಗಾಜಿಗೆ ಅಂಟಿಕೊಂಡ ಕೋಶಗಳಿಂದ ಬೆಳ್ಳಿಯನ್ನೂ ಸಿಲಿಕಾನನ್ನೂ ಬೇರ್ಪಡಿಸುವುದು ಕಾರ್ಖಾನೆಯ ಕೆಲಸ, ಲಾಭವಾಗುವಷ್ಟು ತ್ಯಾಜ್ಯ ಸೇರುವವರೆಗೆ ಯಾರೂ ಅದಕ್ಕೆ ಕೈಹಾಕಲಾರರು. ಸೌರಫಲಕವನ್ನು ವಿದ್ಯುನ್ಮಾನ ತ್ಯಾಜ್ಯವೆಂದು ಪರಿಗಣಿಸುವ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಹಳೆಯ ಫಲಕಗಳನ್ನು 2034-35ರವರೆಗೆ ಸಂಗ್ರಹಿಸಿಡುವ ಹೊಣೆಯನ್ನು ಉತ್ಪಾದಕರಿಗೆ ವಿಧಿಸಿವೆ. ಈಗ ಹಾಸನದಲ್ಲಿ ಏರುತ್ತಿರುವ ಫಲಕಗಳು ಇಳಿಯುವುದು 2050ರ ಸುಮಾರಿಗೆ. ಅಷ್ಟರಲ್ಲಿ ಹಾಕಿಕೊಟ್ಟ ಅಂಗಡಿ ಇರುವುದೋ ಇಲ್ಲವೋ, ಮನೆಯೇ ಮಾರಾಟವಾಗಿರುವುದೋ. ಹಿಂಭಾಗದ ಚೀಟಿಯ ಮೇಲಿನ ಕ್ರಮಸಂಖ್ಯೆಗಳು ಬಿಸಿಲಿಗೆ ಮಾಸುವ ಮುನ್ನ ಅವುಗಳನ್ನು ಬರೆದಿಟ್ಟುಕೊಂಡು, ಖರೀದಿಯ ರಸೀತಿಯೊಡನೆ ಮನೆಯ ಕಾಗದಪತ್ರಗಳಲ್ಲಿ ಸೇರಿಸಿಡುವುದು ಲೇಸು.